ಪರದೆಯ ಮೇಲಿನ ಗುಲಾಬಿ ಗೋಡೆ

ಮುಂಬೈ, ಭಾನುವಾರ

ಆಯಿ, ಕಡಲು ಉಳಿಸಲಿಕ್ಕೆಂದು ಮಾಡಿದ ಆ ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ನಮಗೆ ಟಿಕೆಟ್ ಸಿಕ್ಕಿಬಿಟ್ಟಿತು, ಅದೂ ಸ್ಟೇಜಿನ ಹತ್ತಿರವೇ! ನಿನ್ನೆ ಸಂಜೆ ಇವರ ಕೈ ಹಿಡಿದುಕೊಂಡು ಹುಚ್ಚಿಯ ಹಾಗೆ ಕುಣಿದೆ. ಆಮೇಲೆ ಎರಡು ಹಾಡುಗಳ ನಡುವೆ, ಕಡಲು ಒಂದು ಮನೆಯನ್ನು ಕೆಡವುವ ವಿಡಿಯೊ ಪರದೆಯ ಮೇಲೆ ಬಂತು.

"ಹಾಡು ಕೇಳಲಿಕ್ಕೆ ಬಂದರೆ ಇದನ್ನೆಲ್ಲ ಯಾಕೆ ತೋರಿಸುತ್ತಾರೆ?" ಎಂದಳು ಪಕ್ಕದ ಹುಡುಗಿ. "ಒಳ್ಳೇ ಕೆಲಸಕ್ಕೆ ದುಡ್ಡು ಕೊಟ್ಟಿದ್ದೀಯಲ್ಲ, ಎರಡು ನಿಮಿಷ ಸಹಿಸ್ಕೋ" ಎಂದ ಅವಳ ಗೆಳೆಯ. ಹಿಂದಿನವನೊಬ್ಬ ನಕ್ಕು, "ಇದು ಸೆಟ್ ಹಾಕಿದ್ದು. ಆ ಗುಲಾಬಿ ಬಣ್ಣ ನೋಡಿ!" ಎಂದ.

ಅದು ನನ್ನ ಮದುವೆಗೆಂದು ನೀನು ಬಳಿಸಿದ ಬಣ್ಣ, ಆಯಿ. ಬಾಗಿಲ ಪಕ್ಕ ಮದುವೆಗೆ ಬರೆಸಿದ್ದ ನಮ್ಮಿಬ್ಬರ ಹೆಸರು ಇನ್ನೂ ಇತ್ತು. ಇವರೇ ಮೊದಲು ಓದಿದರು. ಅಡಿಗೆಮನೆ ಇದ್ದಲ್ಲಿ ಬರೀ ನೀರು.

"ಮಳೆ ಜೋರದೆ ತಂಗಿ, ಈ ಸಲ ಚೌತಿಗೆ ಬರೂದು ಬ್ಯಾಡ" ಎಂದು ನೀನು ಹೇಳಿದಾಗ, ಮದುವೆಯಾದ ಮೊದಲ ಹಬ್ಬಕ್ಕೇ ಮಗಳು ಬೇಡವಾದಳೇ ಎಂದು ಮೂರು ದಿನ ಮಾತು ಬಿಟ್ಟಿದ್ದೆ. ಈಗ ಫೋನಿನಲ್ಲಿ ಕೇಳಿದರೆ ಮತ್ತೆ ಏನಾದರೂ ಹೇಳಿ ಮಾತು ಮರೆಸುತ್ತೀ, ಅದಕ್ಕೇ ಈ ಕಾರ್ಡ್. ನಮ್ಮ ಬಾಡ ಊರಿನ ಹಳೆಯ ವಿಳಾಸವನ್ನೇ ಬರೆದಿದ್ದೇನೆ. ನೀವು ಎಲ್ಲಿದ್ದೀರೆಂದು ಪೋಸ್ಟ್‌ಮನ್ ಗಣಪಣ್ಣನಿಗೆ ಗೊತ್ತಿರುತ್ತದೆ.

ಅಪ್ಪನ ಬಿಪಿ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರ ಚೀಟಿ ಹೋಗಿದ್ದರೆ ಅದರ ಫೋಟೊ ನನ್ನ ಬಳಿ ಇದೆ.

ನಿನ್ನ ಅಮಿತಾ

ಹಬ್ಬ ಯಾರ ಮನೆಯಲ್ಲಾದರೂ ಸರಿ, ಬರಬೇಡ ಎನ್ನಬೇಡ. ಮುಂದಿನ ಸೋಮವಾರ ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ನಲ್ಲಿ ಕುಮಟಾಕ್ಕೆ ಬಂದಿಳಿಯುತ್ತೇವೆ.