ಕುಸುಮಳ ಮದುವೆ ಮುಗಿಯಿತು

ವಾಮದಪದವು
೨೭-೮-೧೯೬೨, ಸೋಮವಾರ

ಪ್ರೀತಿಯ ಮಗಳು ಕಾಂತಿಗೆ ಅಮ್ಮ ಬರೆಯುವುದು.

ನಾನೂ ಅಪ್ಪನೂ ಇಲ್ಲಿ ಇದ್ದೇವೆ. ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು, ಉತ್ತರ ಬರಲಿಲ್ಲವೆಂದು ಬೇಸರ ಮಾಡಬೇಡ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬರೆಯಲು ಕೂತರೆ ಅಕ್ಷರಕ್ಕಿಂತ ಮೊದಲು ಹೆದರಿಕೆ ಬರುತ್ತದೆ. ನಿನಗೆ ಕೆಮ್ಮು ಉಂಟಾ? ದೊಡ್ಡಮ್ಮ ನೀರು ಕಾಯಿಸಿ ಕೊಡುತ್ತಾಳಾ? ಮೂಡಬಿದಿರೆ ಪೇಟೆಯಲ್ಲಿ ಬಸ್ಸು ತಿರುಗಿಸುವಾಗ ಹಿಂದೆ ನಿಲ್ಲಬೇಡ, ಡ್ರೈವರನಿಗೆ ಬೆನ್ನಿನಲ್ಲಿ ಕಣ್ಣಿಲ್ಲ.

ನಿನ್ನ ಕಾಗದವನ್ನು ಓದಿದ ಕೂಡಲೇ ಅಕ್ಕಿ ಮುಡಿಯ ಕೆಳಗೆ ಅಡಗಿಸಿಟ್ಟೆ. ಅಪ್ಪನಿಗೆ ಹೆದರಿ ಅಲ್ಲ, ನಿನ್ನ ಅಕ್ಕ ಕುಸುಮ ಓದಿಯಾಳು ಎಂದು. ಸತ್ತು ಹನ್ನೆರಡು ವರ್ಷವಾಯಿತು, ಅಕ್ಷರವನ್ನೇ ಕಲಿಯದೆ ಹೋದ ಮಗು ಓದುವುದು ಹೇಗೆ ಎಂದು ನೀನು ಕೇಳಬಹುದು. ಸತ್ತ ಮಕ್ಕಳು ಅಲ್ಲಿ ಬೆಳೆಯುತ್ತಾ ಇರುತ್ತಾರೆ ಎಂದು ನಂಬಿದವರು ನಾವು. ಹದಿನೇಳರ ಹುಡುಗಿಗೆ ಓದು ಬಾರದೇ ಇರುತ್ತದಾ?

ನೀನು ಬರೆದದ್ದೂ ಅವಳ ಸುದ್ದಿಯೇ. ಲೆಕ್ಕದಲ್ಲಿ ಐವತ್ತಕ್ಕೆ ಒಂಬತ್ತು ಬಂದಾಗ ನೀನು ಕಾವೇರಮ್ಮ ಟೀಚರ ಹತ್ತಿರ, "ನನ್ನ ಸತ್ತ ಅಕ್ಕ ಕುಲೆಯಾಗಿ ಕಾಡುತ್ತಾಳೆ, ನನ್ನನ್ನು ಮುಂದೆ ಹೋಗಲಿಕ್ಕೆ ಬಿಡುವುದಿಲ್ಲ, ಅಮ್ಮ ಹೇಳಿದ್ದಾಳೆ" ಎಂದೆಯಂತೆ. ಅವರು ನಗಲಿಲ್ಲ, ಬೈಯಲೂ ಇಲ್ಲ. "ಆಯಿತು ಮಾರಾಯ್ತಿ, ತಪ್ಪು ಮಾಡಿಸಿದ್ದು ಅಕ್ಕ. ಈ ಮೂರು ಲೆಕ್ಕ ಸರಿ ಉಂಟಲ್ಲ, ಅದನ್ನು ಮಾಡಿದ್ದು ಯಾರು?" ಎಂದು ಕೇಳಿದರಂತೆ. ಆವತ್ತಿನಿಂದ ದಿನಾ ಸಂಜೆ ಬೆಲ್ಲು ಹೊಡೆಯುವ ಮೊದಲು, ನೀನೇ ಸರಿಯಾಗಿ ಮಾಡಿದ ಒಂದು ಕೆಲಸವನ್ನು ಅವರಿಗೆ ಹೇಳಬೇಕು ಎಂದಾಯಿತು. ಮೊದಲ ವಾರ ಐದು ದಿನವೂ "ಇವತ್ತು ಬೀಳಲಿಲ್ಲ" ಎಂದೇ ಹೇಳಿದೆಯಂತಲ್ಲ! ಓದಿ ನಗು ಬಂತು. ನಕ್ಕದ್ದು ಕುಸುಮಳಿಗೆ ಕೇಳಿಸಿತೋ ಎಂದು ಬಾಯಿ ಮುಚ್ಚಿಕೊಂಡೆ. ಈಗ ಐವತ್ತಕ್ಕೆ ಇಪ್ಪತ್ತೆಂಟು ಎಂದು ಬರೆದಿದ್ದೆ. "ನನ್ನನ್ನು ಶಾಲೆ ಬಿಡಿಸಬೇಡ ಅಮ್ಮ, ಬೆಳಿಗ್ಗೆ ಎದ್ದರೆ ಈಗ ಹೋಗಲಿಕ್ಕೆ ಆಸೆಯಾಗುತ್ತದೆ" ಎಂದೂ ಬರೆದಿದ್ದೆ.

ಬಿಡಿಸುವುದು ಎಂದು ನಿನ್ನ ಲೋಕಯ್ಯ ಮಾವ ಆಗಲೇ ತೀರ್ಮಾನ ಮಾಡಿಯಾಗಿತ್ತು. ನಾನೂ ಹೂಂ ಎಂದಿದ್ದೆ. ದೊಡ್ಡವಳು ಮದುವೆಯ ಪ್ರಾಯಕ್ಕೆ ಬಂದಿದ್ದಾಳೆ, ಅವಳಿಗೆ ಗಂಡು ಹುಡುಕದೆ ಚಿಕ್ಕವಳ ಯಾವ ಕೆಲಸವೂ ಆಗುವುದಿಲ್ಲ ಎಂದು ಬಲ್ಮೆಯ ಪ್ರಶ್ನೆ ಇಟ್ಟು ನೋಡಿದವರು ಹೇಳಿದ್ದರಲ್ಲ. ಸತ್ತವಳಿಗೆ ಸತ್ತವನೇ ಗಂಡು ಆಗಬೇಕಲ್ಲ, ಮಾವನೇ ಹುಡುಕಿದ. ಬೆಳ್ತಂಗಡಿ ಕಡೆಯ ಧರ್ಣಪ್ಪಣ್ಣನ ಮಗ ಅಣ್ಣು, ಸಣ್ಣದರಲ್ಲೇ ಜ್ವರ ಬಂದು ತೀರಿಹೋದವನು, ಇದ್ದಿದ್ದರೆ ಈಗ ಹತ್ತೊಂಬತ್ತು. "ಮದುವೆ ಮುಗಿಯಲಿ, ಕಾಂತಿಯೂ ಮನೆಗೆ ಬರಲಿ. ಹೆಣ್ಣಿಗೆ ಇಷ್ಟು ಸಾಕು" ಎಂದ.

ಆಟಿ ತಿಂಗಳ ಕೊನೆಯ ವಾರ ಮದುವೆಯಾಯಿತು. ಒಂದು ಮಣೆಯಲ್ಲಿ ಹಸಿರು ಸೀರೆ, ಬಳೆ, ಕರಿಮಣಿ. ಇನ್ನೊಂದರಲ್ಲಿ ಪಂಚೆ, ಶಾಲು. ಸೀರೆಯನ್ನು ತಂಗಿ ಎತ್ತಿಕೊಂಡು ಬರಬೇಕಿತ್ತು. ಪರೀಕ್ಷೆ ಎಂದು ನೀನು ಬರಲಿಲ್ಲ, ನಾನೇ ತಂದೆ. ಮಡಚಿದ ಸೀರೆ ಅಷ್ಟು ಭಾರವಿರುವುದಿಲ್ಲ ಕಾಂತಿ. ನಿದ್ದೆ ಬಂದ ಮಗುವನ್ನು ಎತ್ತಿದ ಹಾಗಿತ್ತು. ಮಣೆಯಲ್ಲಿ ಇಟ್ಟ ಮೇಲೆ, ಗಾಳಿಯೇ ಇಲ್ಲದ ಚಾವಡಿಯಲ್ಲಿ ಸೆರಗಿನ ತುದಿ ಅಲುಗಿತು. ನಾನೊಬ್ಬಳೇ ನೋಡಿದ್ದು ಅಂದುಕೊಂಡೆ. ಹುಡುಗನ ತಾಯಿ ಪೂವಮ್ಮನೂ ನೋಡಿದ್ದಳು.

ಊಟಕ್ಕೆ ಕೂತಾಗ ಆಕೆ ನನ್ನ ಪಕ್ಕಕ್ಕೆ ಸರಿದು, "ನಮ್ಮ ಅಣ್ಣುವಿಗೆ ಈಗ ಮೀಸೆ ಬಂದಿರ್ತದೆ ಅಲ್ವಾ ದಮಯಂತಕ್ಕ? ಕೊಟ್ಟದ್ದನ್ನು ತಿನ್ನುವ ಹುಡುಗ. ಹೀರೆಕಾಯಿ ಒಂದು ಆಗುವುದಿಲ್ಲ. ನಿಮ್ಮ ಹುಡುಗಿಗೆ ಹೇಳಿಡಿ" ಎಂದಳು. ಇಬ್ಬರೂ ನಕ್ಕೆವು, ಇಬ್ಬರ ಎಲೆಯ ಅನ್ನವೂ ಒದ್ದೆಯಾಯಿತು. ಆಮೇಲೆ ದನಿ ತಗ್ಗಿಸಿ, "ಸೊಸೆಗೆ ಸಿಟ್ಟು ಜಾಸ್ತಿಯಾ? ತಂಗಿಗೆ ಉಪದ್ರ ಕೊಡ್ತಾಳೆ ಅಂತ ಕೇಳಿದೆ. ನಮ್ಮವ ಪಾಪದವ" ಎಂದಳು.

ನನಗೆ ಚುರುಕ್ಕೆಂದಿತು. "ಯಾರು ಹೇಳಿದ್ದು? ನಮ್ಮ ಕುಸುಮ ಯಾರ ಮೇಲೂ ಸಿಟ್ಟು ಮಾಡಿದವಳಲ್ಲ. ತನ್ನ ಬಾಯಿಯ ಬೆಲ್ಲ ತೆಗೆದು ತಂಗಿಯ ಬಾಯಿಗೆ ಇಡುತ್ತಿದ್ದವಳು" ಎಂದೆ. ಹೇಳಿ ಆದ ಮೇಲೆ ಕಲಸಿದ ತುತ್ತನ್ನು ಎಲೆಗೇ ಬಿಟ್ಟೆ. ಹಾಗಾದರೆ ಇಷ್ಟು ವರ್ಷ ನಿನ್ನನ್ನು ಕಾಡಿದ್ದು ಯಾರು?

ನಿನ್ನೆ ಮಾವ ಕೊಡೆ ಹಿಡಿದುಕೊಂಡು, ನಿನ್ನನ್ನು ಕರೆತರಲು ಹೊರಟೇ ಬಂದಿದ್ದ.

"ಬೇಡ ಅಣ್ಣ. ಅವಳು ಓದಲಿ" ಎಂದೆ.

"ನಿನಗೆ ಮರುಳಾ? ನಾಳೆ ಏನಾದರೂ ಆದರೆ ಅಳ್ತಾ ನನ್ನಲ್ಲಿಗೆ ಬರಬೇಡ."

"ಬರುವುದಿಲ್ಲ."

ಕಾಫಿ ಕುಡಿಯದೆ ಹೋದ. ನೀನು ನವರಾತ್ರಿ ರಜೆಗೆ ಬಂದರೆ ಸಾಕು. ರಜೆ ಮುಗಿದ ಮೇಲೆ ನಾನೇ ಬಸ್ಸು ಹತ್ತಿಸುತ್ತೇನೆ.

ಟೀಚರಿಗೆ ನನ್ನ ನಮಸ್ಕಾರ ಹೇಳು. ಹೊಟ್ಟೆ ತುಂಬ ಉಣ್ಣು, ತಲೆಗೆ ಎಣ್ಣೆ ಹಾಕು. ದೇವರು ನಿನ್ನ ಹಿಂದೆಯೂ ಮುಂದೆಯೂ ನಡೆಯಲಿ.

ನಿನ್ನ ಅಮ್ಮ,
ದಮಯಂತಿ

ಇನ್ನೊಂದು ಉಂಟು. ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕುಸುಮ ತೋಡಿನ ನೀರಿಗೆ ಬಿದ್ದಳು ಎಂದಷ್ಟೇ ನಿನಗೆ ಹೇಳಿದ್ದೇನೆ. ಅವಳು ಎರಡು ಸಲ "ಅಮ್ಮಾ" ಎಂದು ಕರೆದಿದ್ದಳು. ನನಗೆ ಕೇಳಿತ್ತು. ನೀನು ಮೊಲೆ ಬಿಡಲಿಲ್ಲ, ಬಿಡಿಸಿದರೆ ಅಳುತ್ತಿದ್ದೆ. ಕೂತಲ್ಲಿಂದಲೇ "ಬಂದೆ, ತಡಿ" ಎಂದೆ. ಮೂರನೇ ಸಲ ಅವಳು ಕರೆಯಲಿಲ್ಲ. ಆಮೇಲೆ ನಿನಗೆ ಜ್ವರ ಬಂದರೂ, ನೀನು ನಪಾಸಾದರೂ, ಅಕ್ಕನ ಸಿಟ್ಟು ಎಂದು ನಿನ್ನ ಮುಖ ನೋಡಿಕೊಂಡೇ ಹೇಳುತ್ತಾ ಬಂದೆ. ಸಿಟ್ಟು ಅವಳದ್ದಲ್ಲ ಮಗಾ, ನನ್ನದು. ಒಂದು ವರ್ಷದ ಕೂಸಿನ ಮೇಲೆ. ನೀನು ಯಾವ ತಪ್ಪೂ ಮಾಡಿರಲಿಲ್ಲ. ನಿನಗೆ ಆಗ ಹಸಿವಾಗಿತ್ತು, ಅಷ್ಟೇ.