ಬುಧವಾರದ ಪರ್ಷಿಯನ್

ನಮ್ಮ ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ಲಿಫ್ಟಿನ ಪಕ್ಕದ ಗೋಡೆಗೆ ನೀವು ನೇತುಹಾಕಿಸಿರುವ ನನ್ನ ಫೋಟೋವನ್ನು ದಯವಿಟ್ಟು ಇಳಿಸಿ. ಅದರ ಕೆಳಗೆ ಚಿನ್ನದ ಬಣ್ಣದಲ್ಲಿ 'ಈ ತಿಂಗಳ ಬಹುಭಾಷಾ ರತ್ನ' ಎಂದು ಬರೆಸಿದ್ದೀರಲ್ಲ, ಅದನ್ನೂ ಅಳಿಸಿ. ಐದು ವಿದೇಶಿ ಭಾಷೆಗಳನ್ನು ಏಕಕಾಲಕ್ಕೆ ಕಲಿಯತಕ್ಕದ್ದು ಎಂದು ನೀವು ಹೊರಡಿಸಿದ ಆಜ್ಞೆಯ ದೆಸೆಯಿಂದ ಒಬ್ಬ ತಂದೆ ತನ್ನ ಮಗಳನ್ನು ಜೀವಂತವಾಗಿ ಕೊನೆಯ ಸಲ ನೋಡಲಾಗದೆ ಊರಿಗೆ ಮರಳಿದ. ಆ ಘನಕಾರ್ಯ ನಡೆದದ್ದು ನನ್ನ ಬಾಯಿಂದ. ಇದನ್ನು ನಿಮ್ಮ ಕೋಣೆಗೇ ಬಂದು ಹೇಳೋಣವೆಂದು ಪ್ರಯತ್ನಿಸಿದೆ. ಸಾಹೇಬರು ಸಭೆಯಲ್ಲಿದ್ದಾರೆ ಎಂದು ಆಪ್ತ ಸಹಾಯಕರು ಬಾಗಿಲಲ್ಲೇ ತಡೆದರು. ಮತ್ತೆ ಬಂದೆ, ಸಭೆ ಇನ್ನೂ ನಡೆಯುತ್ತಿತ್ತು. ಹಾಗಾಗಿ ನಾಲ್ಕು ಜನ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ, ಸಭೆ ಮುಗಿದ ಮೇಲೆ ಯಾರಾದರೂ ನಿಮಗೆ ಓದಿ ಹೇಳಿಯಾರು.

ನಾನು ಮುಂಬಾಗಿಲ ಸ್ವಾಗತ ಮೇಜಿನಲ್ಲಿ ಕೂರುವವಳು. ದೂರದ ದೇಶಗಳಿಂದ ಹೃದಯ, ಮೂತ್ರಪಿಂಡ, ಬೆನ್ನುಮೂಳೆ ಹಿಡಿದುಕೊಂಡು ನಮ್ಮಲ್ಲಿಗೆ ಬರುವವರು ಮೊದಲು ನೋಡುವುದು ನನ್ನ ಮುಖವನ್ನೇ. ಮೊದಲೆಲ್ಲ ನನಗೆ ಅವರ ಮಾತು ಬಾರದಿದ್ದರೆ ಚಿಂತೆಯೇ ಇರಲಿಲ್ಲ. ಔಷಧಿ ಅಂಗಡಿಯ ಹಿಂದಿನ ಸಣ್ಣ ಕೋಣೆಯಲ್ಲಿ ದುಭಾಷಿಗಳು ಕೂತಿರುತ್ತಿದ್ದರು, ಭಾಷೆಗೊಬ್ಬರಂತೆ. ಫೋನ್ ಎತ್ತಿದರೆ ಬರುತ್ತಿದ್ದರು. ಅವರೇನು ದೇವತೆಗಳಾಗಿರಲಿಲ್ಲ. ಪರ್ಷಿಯನ್ ದುಭಾಷಿಗೆ ನಾವು ಇಟ್ಟ ಹೆಸರೇ ಗೊರಕೆ ಮಾಮ. ಕೂತಲ್ಲೇ ನಿದ್ದೆ ಹೊಡೆಯುತ್ತಿದ್ದ, ಎಬ್ಬಿಸಿದರೆ ಸಿಡುಕುತ್ತಿದ್ದ, ರೋಗಿಯ ಕಡೆಯವರು ತಂದ ಬಾದಾಮಿಯನ್ನು ನಾಚಿಕೆಯಿಲ್ಲದೆ ಜೇಬಿಗೆ ಇಳಿಸುತ್ತಿದ್ದ. ಆದರೆ ಅವನ ಮುಂದೆ ಯಾರಾದರೂ ಅತ್ತರೆ ಏಕೆ ಅಳುತ್ತಿದ್ದಾರೆ ಎಂದು ಅವನಿಗೆ ತಿಳಿಯುತ್ತಿತ್ತು. ನೀವು ಬಂದಿರಿ, ಆ ಕೋಣೆಗೆ ಬೀಗ ಬಿತ್ತು, ಈಗ ಅಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳಿವೆ.

ಆಮೇಲೆ ಶುರುವಾಯಿತು ನಿಮ್ಮ ಮಹಾಯಜ್ಞ. ಕೆಲಸಕ್ಕೆ ಮುಂಚೆ ವ್ಯಾಯಾಮ ಚಿಕಿತ್ಸೆಯ ಕೋಣೆಯಲ್ಲಿ, ದೊಡ್ಡ ರಬ್ಬರ್ ಚೆಂಡುಗಳ ಮೇಲೆ ಕೂತು, ನಾವು ಭಾಷೆ ಕಲಿಯಬೇಕು. ಸೋಮವಾರ ಅರಬ್ಬಿ, ಮಂಗಳವಾರ ರಷ್ಯನ್, ಬುಧವಾರ ಪರ್ಷಿಯನ್, ಗುರುವಾರ ಫ್ರೆಂಚ್, ಶುಕ್ರವಾರ ಸ್ವಾಹಿಲಿ. ಶನಿವಾರ ಐದರಲ್ಲೂ ಪರೀಕ್ಷೆ. ಪ್ರತಿ ಭಾಷೆಯಲ್ಲಿ ಅವೇ ನಲವತ್ತು ವಾಕ್ಯಗಳು: ಸುಸ್ವಾಗತ, ಪ್ರಯಾಣ ಸುಖಕರವಾಗಿತ್ತೇ, ಹಣ ಕಟ್ಟುವ ಕಿಟಕಿ ಅಲ್ಲಿದೆ, ಚಿಂತಿಸಬೇಡಿ, ಕುಳಿತುಕೊಳ್ಳಿ, ಎಲ್ಲ ವ್ಯವಸ್ಥೆ ಆಗಿದೆ. ಎಲ್ಲವೂ ನಾವು ಹೇಳುವ ಮಾತುಗಳು. ಅವರು ಏನು ಹೇಳಬಹುದು ಎಂಬುದಕ್ಕೆ ಒಂದು ಪುಟವೂ ಇಲ್ಲ. ರೋಗಿಗಳ ಕೆಲಸ ಕೇಳಿಸಿಕೊಳ್ಳುವುದಷ್ಟೇ ಎಂದು ತಾವು ಯಾವ ಗ್ರಂಥದಲ್ಲಿ ಓದಿದಿರಿ?

ಇದರಿಂದ ಏನಾಯಿತೆಂದು ನಿಮಗೆ ವರದಿ ಬಂದಿರಲಿಕ್ಕಿಲ್ಲ, ನಾನು ಕೊಡುತ್ತೇನೆ. ನಮ್ಮ ನಾಲಿಗೆಗಳು ವಾರಕ್ಕೆ ಅಂಟಿಕೊಂಡವು. ಬೆಳಿಗ್ಗೆ ಉರು ಹೊಡೆದ ಭಾಷೆ ಸಂಜೆಯವರೆಗೆ ಬಾಯಲ್ಲಿ ಇರುತ್ತಿತ್ತು, ಮರುದಿನದ್ದು ಬಂದು ಅದನ್ನು ಹೊರಗೆ ದಬ್ಬುತ್ತಿತ್ತು. ಮಂಗಳವಾರ ಯಾರೇ ಬರಲಿ, ಅವರಿಗೆ ರಷ್ಯನ್ ಸ್ವಾಗತ. ನನ್ನ ಪಕ್ಕದ ಕುರ್ಚಿಯ ಹುಡುಗಿ, ನಾವೆಲ್ಲ ಗಿಳಿ ಎನ್ನುವವಳು, ಗಾಜಿನ ಬಾಗಿಲ ಹೊರಗೆ ಕಾರು ನಿಂತ ಕೂಡಲೇ ಕ್ಯಾಲೆಂಡರಿನ ಕಡೆ ನೋಡುತ್ತಿದ್ದಳು. "ಅಕ್ಕ, ಇವತ್ತು ಗುರುವಾರ ಕಣೇ. ದೇವ್ರೇ, ಫ್ರೆಂಚ್‌ನೋರೇ ಆಗಿರ್ಲಿ" ಎನ್ನುತ್ತಿದ್ದಳು. ಒಮ್ಮೆ ಕಪ್ಪು ಕೋಟಿನ ಅರಬ್ ಮುದುಕರೊಬ್ಬರಿಗೆ ಅವಳು ಸ್ವಾಹಿಲಿಯಲ್ಲಿ ಅಷ್ಟುದ್ದ ಉಪಚಾರ ಹೇಳಿದಳು. ಪಾಪ, ಅವರು ತಪ್ಪು ದೇಶದಲ್ಲಿ ಇಳಿದೆನೋ ಎಂಬಂತೆ ಟಿಕೆಟ್ ತೆಗೆದು ನೋಡಿಕೊಂಡರು. ನಾವು ಮೇಜಿನ ಕೆಳಗೆ ಬಗ್ಗಿ ನಕ್ಕೆವು. ಆಗ ನಗುವುದಕ್ಕೆ ಕಾರಣವಿತ್ತು, ಯಾರಿಗೂ ಏನೂ ಆಗಿರಲಿಲ್ಲ.

ಮನೆಯಲ್ಲೂ ಇದೇ ಗತಿ. ಒಲೆಯ ಮುಂದೆ ನಿಂತು ನಾನು ಗೊಣಗುತ್ತಿದ್ದರೆ ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಅಲ್ಲಮ್ಮ, ಇರೋದು ಒಂದು ಬಾಯಿ. ಅದ್ರಲ್ಲಿ ಎಷ್ಟು ಜನಾನ ಕೂರಿಸ್ಕೊಂಡಿದೀಯ?" ಎಂದು ಕೇಳುತ್ತಿದ್ದರು. ಗಂಡನದು ಇನ್ನೊಂದು ತಮಾಷೆ. "ಜಗಳ ಆಡೋದಿದ್ರೆ ಭಾನುವಾರ ಆಡೋಣ, ಅವತ್ತು ನಿಂಗೆ ನಮ್ ಭಾಷೆ ಬರುತ್ತೆ" ಎನ್ನುತ್ತಿದ್ದ.

ಸಂಬಳದ ಜೊತೆ ಪುಕ್ಕಟೆ ವಿದ್ಯೆ ಸಿಕ್ಕರೆ ಇವಳಿಗೇನು ಕಷ್ಟ, ಸೋಮಾರಿ ಎಂದು ನೀವು ಮೂಗು ಮುರಿಯಬಹುದು. ಸ್ವಾಮಿ, ನಾನು ಭಾಷೆಗಳ ಶತ್ರುವಲ್ಲ. ನನ್ನ ಸೋದರಮಾವನಿಗೆ ರೇಡಿಯೋ ರಿಪೇರಿ ಅಂಗಡಿ ಇತ್ತು. ರಿಪೇರಿಯಾದ ಪೆಟ್ಟಿಗೆಯನ್ನು ಪರೀಕ್ಷಿಸಲು ಆತ ತಿರುಪು ತಿರುಗಿಸುವಾಗ ಎಲ್ಲೆಲ್ಲಿಯೋ ಯಾರ್‍ಯಾರೋ ಮಾತಾಡುತ್ತಿದ್ದರು, ನಾನು ಶಾಲೆಯ ಚೀಲ ಕೂಡ ಇಳಿಸದೆ ಕೇಳುತ್ತಾ ನಿಲ್ಲುತ್ತಿದ್ದೆ. ಇದು ಪರ್ಷಿಯನ್ ಎಂದು ಆತ ಹೇಳುತ್ತಿದ್ದ ಕೇಂದ್ರ ಸಿಕ್ಕರೆ, "ಮಾವ, ತಿರುಗಿಸ್ಬೇಡ, ಇರ್ಲಿ" ಎಂದು ಅವನ ಕೈ ಹಿಡಿಯುತ್ತಿದ್ದೆ. ಒಂದಕ್ಷರ ತಿಳಿಯದಿದ್ದರೂ ಆ ಮಾತಿನ ಮೇಲೆ ನನಗೆ ಆಸೆ. ಓದಿಸುವವರಿರಲಿಲ್ಲ, ಆಸೆ ಹಾಗೆಯೇ ಉಳಿಯಿತು. ನಿಮ್ಮ ಆಜ್ಞೆ ಬಂದಾಗ ಇಡೀ ಆಸ್ಪತ್ರೆಯಲ್ಲಿ ಸಂತೋಷಪಟ್ಟವಳು ಬಹುಶಃ ನಾನೊಬ್ಬಳೇ. ಎರಡು ಮೂರು ಭಾಷೆಗಳನ್ನು ಜೊತೆಜೊತೆಗೆ ಕಲಿತು ಅರಗಿಸಿಕೊಂಡವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ನಮಗೆ ಪಾಠ ಹೇಳಲು ಬಂದ ಶಿಕ್ಷಕಿಯೇ ಹಾಗೆ ಕಲಿತವರು. ಅವರಿಗೆ ಒಂದು ಭಾಷೆ ಮಾತಾಡುವ ನೆರೆಮನೆಯಿತ್ತು, ಇನ್ನೊಂದು ಮಾತಾಡುವ ಅಜ್ಜಿ ಇದ್ದರು, ವರ್ಷಗಟ್ಟಲೆ ಪುರುಸೊತ್ತಿತ್ತು, ತಪ್ಪಾದರೆ ತಿದ್ದಿ ನಗುವವರಿದ್ದರು. ನಮಗೆ ಇದ್ದದ್ದು ರಬ್ಬರ್ ಚೆಂಡು.

ಆ ಶಿಕ್ಷಕಿಯನ್ನು ನಾನು ಮೊದಲ ವಾರವೇ ಕೇಳಿದ್ದೆ. "ಮೇಡಂ, 'ನನಗೆ ಅರ್ಥ ಆಗ್ಲಿಲ್ಲ' ಅನ್ನೋದು ಈ ನಲವತ್ತರಲ್ಲಿ ಇಲ್ವಲ್ಲ?" ಆಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಇತ್ತಮ್ಮ. ನಾನೇ ಮೊದಲನೇದಾಗಿ ಬರ್ದಿದ್ದೆ. ನಿಮ್ ಸಾಹೇಬ್ರು ಹೊಡೆದುಹಾಕಿದ್ರು. ಅದನ್ನ ಕೇಳಿದ್ರೆ ಗಿರಾಕಿಗಳಿಗೆ ಆಸ್ಪತ್ರೆ ಮೇಲೆ ನಂಬಿಕೆ ಹೋಗುತ್ತಂತೆ." ಅದನ್ನು ಹೇಳಿಕೊಡಿ ಎಂದು ಅಂದೇ ಅವರಿಗೆ ದುಂಬಾಲು ಬೀಳಬೇಕಾಗಿತ್ತು. ಆದರೆ ನನ್ನ ಬಾಯಲ್ಲಿ ಆ ಹೊತ್ತಿಗೆ ಆಗಲೇ ನಲವತ್ತು ವಾಕ್ಯಗಳು ಗಲಾಟೆ ಮಾಡುತ್ತಿದ್ದವು.

ಈಗ ಆ ಬುಧವಾರದ ವಿಷಯ. ಆತ ಬೆಳಿಗ್ಗೆ ನನ್ನ ಮೇಜಿಗೆ ಬಂದ. ಕಂದು ಬಣ್ಣದ ಹಳೆಯ ಕೋಟು, ಕೈಯಲ್ಲಿ ಮಗಳ ಚಪ್ಪಲಿಗಳಿದ್ದ ಪ್ಲಾಸ್ಟಿಕ್ ಚೀಲ. ಮಗಳಿಗೆ ಅಂದು ಹೃದಯದ ಶಸ್ತ್ರಚಿಕಿತ್ಸೆ ಇತ್ತು, ಹಿಂದಿನ ರಾತ್ರಿಯೇ ಅವಳನ್ನು ಒಳಗೆ ಸೇರಿಸಿಕೊಂಡಿದ್ದರು. ಆತ ಪರ್ಷಿಯನ್ನಿನಲ್ಲಿ ಏನೋ ಕೇಳಿದ. ನನ್ನ ಅದೃಷ್ಟ ನೋಡಿ, ಬುಧವಾರ! ಪಾಠ ಮುಗಿಸಿ ಆಗಷ್ಟೇ ಬಂದು ಕೂತಿದ್ದೆ. ಸುಸ್ವಾಗತ ಎಂದೆ. ತೊಡಕಿಲ್ಲದೆ, ಚಿಕ್ಕಂದಿನಲ್ಲಿ ರೇಡಿಯೋದಲ್ಲಿ ಕೇಳಿದ ಅದೇ ರಾಗದಲ್ಲಿ ಬಂತು. ಆತನ ಮುಖ ಅರಳಿತು. ಊರು ಬಿಟ್ಟಂದಿನಿಂದ ಕೈಸನ್ನೆಯಲ್ಲೇ ಬದುಕಿದ್ದ ಮನುಷ್ಯ, ನಮ್ಮವಳೊಬ್ಬಳು ಸಿಕ್ಕಳು ಎಂದುಕೊಂಡನೋ ಏನೋ, ಮೇಜಿನ ಮೇಲೆ ಎರಡೂ ಕೈಯೂರಿ ಮನಸ್ಸಿನಲ್ಲಿದ್ದದ್ದನ್ನೆಲ್ಲ ಸುರಿದುಬಿಟ್ಟ. ನನಗೆ ಒಂದು ಮಾತೂ ತಿಳಿಯಲಿಲ್ಲ. ಪುಸ್ತಕದಲ್ಲಿದ್ದದ್ದನ್ನೇ ಹೇಳಿದೆ: ಚಿಂತಿಸಬೇಡಿ, ಕುಳಿತುಕೊಳ್ಳಿ. ಆತ ಮತ್ತೆ ಕೇಳಿದ, ಈ ಸಲ ಚಿಕ್ಕದಾಗಿ, ಒಳಗಿನ ಕಾರಿಡಾರಿನ ಕಡೆ ಬೆರಳು ತೋರಿಸುತ್ತಾ. ಎಲ್ಲ ವ್ಯವಸ್ಥೆ ಆಗಿದೆ ಎಂದೆ, ನೀವು ಹೇಳಿಕೊಟ್ಟ ನಗುವಿನ ಸಮೇತ. ಆತ ಎದೆಗೆ ಕೈಯಿಟ್ಟು ತಲೆಬಾಗಿಸಿ, ಎದುರಿನ ನೀಲಿ ಕುರ್ಚಿಯಲ್ಲಿ ಹೋಗಿ ಕೂತ. ಮಗಳನ್ನು ಹಿಂಬದಿಯ ಲಿಫ್ಟಿನಲ್ಲಿ ಕರೆದೊಯ್ದರು. ಆತ ಕೂತೇ ಇದ್ದ. ಮಧ್ಯಾಹ್ನ ಕಣ್ಣು ಕೂಡಿದಾಗ ನನ್ನತ್ತ ನೋಡಿ ನಕ್ಕ, ನಾನೂ ನಕ್ಕೆ.

ಮಗಳು ಶಸ್ತ್ರಚಿಕಿತ್ಸೆಯ ಮೇಜಿನಿಂದ ಏಳಲಿಲ್ಲ. ವೈದ್ಯರ ತಪ್ಪೆಂದು ನಾನು ಹೇಳುತ್ತಿಲ್ಲ, ಅವರು ಮಾಡಬಹುದಾದದ್ದನ್ನೆಲ್ಲ ಮಾಡಿದರಂತೆ. ಸಂಜೆ ಆ ಸುದ್ದಿಯನ್ನು ತಂದೆಗೆ ತಿಳಿಸಬೇಕಾಯಿತು, ಆದರೆ ನಿಮ್ಮ ನಲವತ್ತು ವಾಕ್ಯಗಳಲ್ಲಿ ಸಾವೂ ಇಲ್ಲ. ಕೊನೆಗೆ ವೈದ್ಯರೇ ತಮ್ಮ ಸ್ವಂತ ಫೋನಿನಿಂದ ಗೊರಕೆ ಮಾಮನಿಗೆ ಕರೆ ಮಾಡಿದರು. ನೀವು ಕೆಲಸದಿಂದ ತೆಗೆದುಹಾಕಿದವನು, ಬರುವುದಿಲ್ಲ ಎನ್ನಬಹುದಿತ್ತು, ಮನೆಯ ಚಪ್ಪಲಿಯಲ್ಲೇ ಬಂದ. ಅವನೂ ಆ ತಂದೆಯೂ ಬಹಳ ಹೊತ್ತು ಮಾತಾಡಿದರು. ನಡುವೆ ಆ ತಂದೆ ನನ್ನ ಕಡೆ ಕೈ ತೋರಿಸಿದ.

ಮಾಮ ನನ್ನ ಮೇಜಿನ ಬಳಿ ಬಂದು ನಿಂತ. "ಬೆಳಿಗ್ಗೆ ಅವರು ನಿನ್ನ ಏನ್ ಕೇಳಿದ್ರು ಗೊತ್ತೇನೇ?"

"ಇಲ್ಲ ಮಾಮ."

"ಮಗಳನ್ನ ಒಳಗೆ ಕರ್ಕೊಂಡು ಹೋಗೋಕೆ ಮುಂಚೆ ಒಂದ್ಸಲ ನೋಡ್ಬೇಕು, ಒಬ್ಳೇ ಇದ್ರೆ ಹೆದರ್ಕೋತಾಳೆ, ಯಾವ ಕಡೆ ಹೋಗ್ಲಿ ಅಂತ ಕೇಳಿದ್ರು. ನೀನು ಕೂತ್ಕೊಳಿ, ವ್ಯವಸ್ಥೆ ಆಗಿದೆ ಅಂದ್ಯಂತೆ."

ಅವರು ನನ್ನನ್ನು ಬೈದರೇ ಎಂದು ಮಾಮನನ್ನು ಕೇಳಿದೆ. ಬೈದಿದ್ದರೆ ಒಳ್ಳೆಯದಿತ್ತು. "ಇಲ್ಲ ಕಣೆ," ಎಂದ ಮಾಮ, "ಆ ಮಗೂಗೆ ನಮ್ ಭಾಷೆ ಎಷ್ಟ್ ಚೆನ್ನಾಗಿ ಬರುತ್ತೆ, ಅವಳು ಹೇಳಿದ್ಲು ಅಂತ ನಾನು ಕೂತೆ ಅಂದ್ರು." ಒಳಗಿನ ನರ್ಸು ಮರುದಿನ ಹೇಳಿದ್ದನ್ನೂ ಬರೆದುಬಿಡುತ್ತೇನೆ, ನಾನೊಬ್ಬಳೇ ಏಕೆ ಹೊತ್ತು ತಿರುಗಬೇಕು? ಆ ಹುಡುಗಿ ಮಂಪರು ಹತ್ತುವವರೆಗೂ ಕತ್ತೆತ್ತಿ ಬಾಗಿಲ ಕಡೆ ನೋಡುತ್ತಿದ್ದಳಂತೆ.

ಮಂಗಳವಾರವಾಗಿದ್ದರೆ ಆತ ಬಚಾವಾಗುತ್ತಿದ್ದ. ನಾನು ರಷ್ಯನ್ ಉದುರಿಸುತ್ತಿದ್ದೆ, ಆತ ಇವಳ ಹಣೆಬರಹ ಇಷ್ಟೇ ಎಂದು ಬೇರೆ ಯಾರನ್ನೋ ಹುಡುಕಿಕೊಂಡು ಹೋಗುತ್ತಿದ್ದ, ಕೈಸನ್ನೆ ಮಾಡಿಯಾದರೂ ಮಗಳ ಬಳಿ ತಲುಪುತ್ತಿದ್ದ. ನನ್ನ ಉಚ್ಚಾರಣೆ ಚೆನ್ನಾಗಿತ್ತು, ಅದಕ್ಕೇ ಕೂತ. ಆ ಉಚ್ಚಾರಣೆಗೇ ಅಲ್ಲವೇ ನೀವು ನನಗೆ ಪ್ರಶಸ್ತಿ ಕೊಟ್ಟದ್ದು? ಅಂದಿನ ಕ್ಯಾಮೆರಾ ದೃಶ್ಯವನ್ನು ನೋಡಿ ನಿಮ್ಮ ತಪಾಸಣಾ ಸಮಿತಿ ಷರಾ ಬರೆದಿದೆ: ಗಿರಾಕಿಯನ್ನು ಅವರದೇ ಭಾಷೆಯಲ್ಲಿ ಮಾತಾಡಿಸಲಾಯಿತು, ಗಿರಾಕಿ ತೃಪ್ತರಾಗಿ ಆಸೀನರಾದರು. ನಿಜ, ಮಹನೀಯರೇ. ಸಂಜೆಯವರೆಗೆ ಆಸೀನರಾಗಿದ್ದರು. ಆ ದೃಶ್ಯವನ್ನು ಈಗ ಹೊಸ ನೌಕರರಿಗೆ ಮಾದರಿಯೆಂದು ತೋರಿಸುತ್ತಿದ್ದೀರಿ. ನಾನು ಆ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ನನ್ನ ಸ್ವರವೇ ನನಗೆ ಕೇಳಿಸುತ್ತದೆ. ಅದನ್ನು ಕೇಳಿದರೆ ನನಗೆ ಹೇಸಿಗೆಯಾಗುತ್ತದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಔಷಧಿ ಅಂಗಡಿಯ ಹಿಂದಿನ ಕೋಣೆಯ ಬೀಗ ತೆಗೆಸಿ. ರಟ್ಟಿನ ಪೆಟ್ಟಿಗೆಗಳನ್ನು ಹೊರಗೆ ಹಾಕಿಸಿ, ದುಭಾಷಿಗಳನ್ನು ಕರೆಸಿ. ಅವರು ಗೊರಕೆ ಹೊಡೆಯಲಿ, ಬಾದಾಮಿ ತಿನ್ನಲಿ, ನಾವು ಎಬ್ಬಿಸುತ್ತೇವೆ. ನಮ್ಮಲ್ಲಿ ಕಲಿಯುವ ಮನಸ್ಸಿದ್ದವರಿಗೆ ಒಂದು ಭಾಷೆ ಕೊಡಿ, ಬಾಯಿಗಿಂತ ಮೊದಲು ಕಿವಿಗೆ ಕೊಡಿ. ಅಲ್ಲಿಯವರೆಗೆ, ನೀವು ಹೊಡೆದುಹಾಕಿದ ಆ ಒಂದು ವಾಕ್ಯವನ್ನು ಐದೂ ಪುಸ್ತಕಗಳಲ್ಲಿ ಮೊದಲನೆಯದಾಗಿ ಅಚ್ಚು ಹಾಕಿಸಿ.

ಹಾಕಿಸದಿದ್ದರೂ ಸರಿ. ಮಾಮನ ಮನೆಗೆ ಹೋಗಿ ಪರ್ಷಿಯನ್ನಿನಲ್ಲಿ ಅದನ್ನು ಕಲಿತು ಬಂದಿದ್ದೇನೆ: ನನಗೆ ಅರ್ಥವಾಗಲಿಲ್ಲ, ತಿಳಿದವರನ್ನು ಕರೆಯುತ್ತೇನೆ. ನಿನ್ನೆ ಒಬ್ಬ ಹೆಂಗಸಿಗೆ ಹೇಳಿದೆ. ಆಕೆಗೆ ನಿಮ್ಮ ಆಸ್ಪತ್ರೆಯ ಮೇಲೆ ನಂಬಿಕೆಯೇನೂ ಹೋಗಲಿಲ್ಲ. ಸುಮ್ಮನೆ ತಲೆಯಾಡಿಸಿ, ಮೇಜು ಬಿಟ್ಟು ಕದಲದೆ, ನಾನು ಮಾಮನಿಗೆ ಫೋನ್ ಮಾಡಿ ಮುಗಿಸುವವರೆಗೆ ಕಾದು ನಿಂತಳು. ಈ ಮಾತು ಆ ಬೆಳಿಗ್ಗೆ ನನ್ನ ಬಾಯಲ್ಲಿದ್ದಿದ್ದರೆ ಆತನೂ ಕೂರುತ್ತಿರಲಿಲ್ಲ.

ಇಂತಿ,
ಐದು ಭಾಷೆಗಳಲ್ಲಿ 'ಕುಳಿತುಕೊಳ್ಳಿ' ಎನ್ನಬಲ್ಲ,
ಇನ್ನು ಮುಂದೆ ಯಾರಿಗೂ ಹಾಗೆನ್ನಲು ಧೈರ್ಯವಿಲ್ಲದ,
ತಮ್ಮ ಮುಂಬಾಗಿಲ ಮೇಜಿನವಳು