ಆರತಿ ಎತ್ತುವ ಸರದಿ

ಅಪ್ಪನಿಗೆ ಹಂಸಳ ನಮಸ್ಕಾರ.

ಫೋನು ತೆಗೆದಿಟ್ಟುಕೊಂಡಿದ್ದಾರೆ, ಅದಕ್ಕೇ ಕಾರ್ಡು. ಚೆನ್ನೈನ ಈ ಸೇನಾ ತರಬೇತಿಯಲ್ಲಿ ಒಂದು ವಿಚಿತ್ರ ಕೇಳಿ. ಅಧಿಕಾರಿಗೆ ತನ್ನ ಸೈನಿಕರ ದೇವರೇ ದೇವರಂತೆ. ಅವರ ಪೂಜೆಯಲ್ಲಿ ಮಂಗಳಾರತಿಯನ್ನೂ ಅಧಿಕಾರಿಯೇ ಎತ್ತಬೇಕಂತೆ. ಅದನ್ನು ಕಲಿಯಲು ಮುಂದಿನ ತಿಂಗಳು ನನ್ನ ಸರದಿ.

"ನಾನು ಎತ್ತಬಹುದಾ?" ಎಂದು ಡ್ರಿಲ್ ಕಲಿಸುವ ಹವಾಲ್ದಾರರನ್ನು ಕೇಳಿದೆ. ನಮ್ಮ ದುದ್ದದ ಕಡೆಯವರು. "ಯಾಕ್ ಮೇಡಂ, ಕೈ ನೋಯ್ತೈತಾ?" ಅಂದರು. ಅವರಿಗೆ ಬೇರೆ ಕಾರಣವೇ ಹೊಳೆಯಲಿಲ್ಲ!

ಬೂಟು ಕಚ್ಚಿದ ಗಾಯ ಒಣಗಿದೆಯೆಂದು ಅಮ್ಮನಿಗೆ ಹೇಳಿ.

ಹೊಳೆನರಸೀಪುರದ ಗುಡಿಯಲ್ಲಿ ನೀವು ಆರತಿ ಎತ್ತುವಾಗ ನಾನು ಹೊಸ್ತಿಲಾಚೆ ನಿಂತು ನೋಡಿದ್ದು ನಿಮ್ಮ ಬೆನ್ನನ್ನೇ. ತಟ್ಟೆಯನ್ನು ಎಲ್ಲಿಂದ ಶುರುಮಾಡಿ ಹೇಗೆ ಸುತ್ತಬೇಕು? ವಿಸಿಲ್ ಆಯಿತು, ಓಡಬೇಕು. ತಮ್ಮನಿಗೆ ಕಲಿಸಿದ್ದನ್ನು ನನಗೂ ಬರೆದು ಕಳಿಸಿ, ಅಪ್ಪ.